ಬಲಗಡೆ ಹೂ

ಗಂಗಾಧರಯ್ಯ ಮಂಚ ಹಿಡಿದ ಮೇಲೆ ಆ ಮನೆಯಲ್ಲಿ ಎಲ್ಲರಿಗೂ ಅವನ ಮೇಲೆ ಗೌರವ ಹೆಚ್ಚಾಯಿತು. ನೆಟ್ಟಗೆ ಓಡಾಡಿಕೊಂಡಿದ್ದಾಗ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳಿದರೆ ಬೈಗುಳ, ಮಾತು ಬೆಳೆಸಿದರೆ ಕಪಾಳಕ್ಕೆ ಏಟು. ಹೋದ ಯುಗಾದಿ ಕಳೆದ ಮೇಲೆ ಮೆದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿ, ಕೈಕಾಲು ಬಿದ್ದು, ನಾಲಿಗೆಯೂ ಬಿದ್ದು, ಬರೀ ಕಣ್ಣು ಉಳಿಯಿತಲ್ಲ, ಅಲ್ಲಿಂದ ಅವನನ್ನು ಕೇಳದೆ ಯಾರೂ ಒಂದು ಕಡ್ಡಿ ಎತ್ತಿ ಆಚೆ ಇಡುತ್ತಿರಲಿಲ್ಲ. ಕಾರಣ ಇಷ್ಟೇ. ಈಗ ಅವನು ಕೇಳಿದ್ದಕ್ಕೆಲ್ಲ ಒಪ್ಪುತ್ತಿದ್ದ.

ಒಪ್ಪುವುದಕ್ಕೊಂದು ಶಾಸ್ತ್ರವಿತ್ತು. ಪುಟ್ಟೇನಹಳ್ಳಿ ಕೆರೆ ಕಡೆಯ ಮಾರಮ್ಮನ ಗುಡಿಯಲ್ಲಿ ಮೊದಲಿನಿಂದಲೂ ಹೂ ಕೇಳುವ ಪದ್ಧತಿ. ದೇವಿಯ ಮೈಗೆ ಒದ್ದೆ ಹೂ ಅಂಟಿಸಿ, ಮನಸ್ಸಿನಲ್ಲಿದ್ದುದನ್ನು ಕೇಳಿಕೊಂಡು ಎದುರು ಕೂರುವುದು. ಬಲಗಡೆ ಬಿದ್ದರೆ ಅಪ್ಪಣೆ, ಎಡಗಡೆ ಬಿದ್ದರೆ ಇಲ್ಲ. ಹೊಲವನ್ನು ಲೇಔಟಿಗೆ ಬಿಟ್ಟದ್ದು, ಬಾಡಿಗೆ ಮನೆಗಳನ್ನು ಕಟ್ಟಿಸಿದ್ದು, ಸೊಸೆಯನ್ನು ತಂದದ್ದು, ಎಲ್ಲವೂ ಬಲಗಡೆ ಹೂವಿನಿಂದಲೇ. ಆ ಗುಡಿಯ ಪೂಜಾರಿ ಗಂಗಾಧರಯ್ಯನ ತಮ್ಮ ತಿಮ್ಮರಾಯಪ್ಪ. ಅಣ್ಣ ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅವನು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ತೀರ್ಮಾನ ಕೊಟ್ಟುಬಿಟ್ಟ.

"ಕಣ್ಣು ಬಲಕ್ಕೋದ್ರೆ ಹೂಂ. ಎಡಕ್ಕೋದ್ರೆ ಊಹೂಂ. ಇದಕ್ಕಿಂತ ಇನ್ನೇನ್ ಬೇಕು?"

ಸೊಸೆ ರಮ್ಯ ಒಂದು ಮಾತು ಹೇಳಿ ನೋಡಿದಳು. "ಡಾಕ್ಟರು ಬೇರೆ ಥರ ಹೇಳಿದ್ರು ಚಿಕ್ಕಮಾವ. ಮಾವಂಗೆ ಕಣ್ಣು ಮೇಲೆ ಕೆಳಗೆ ಮಾತ್ರ ಆಡ್ಸಕ್ಕಾಗೋದಂತೆ. ಮೇಲೆ ನೋಡಿದ್ರೆ ಹೌದು, ಕೆಳಗೆ ನೋಡಿದ್ರೆ ಇಲ್ಲ, ಹಾಗೆ ಮಾಡ್ಕೊಳಿ ಅಂದ್ರು."

"ಮೇಲೆ ನೋಡೋರು ಸಾಯೋರು ಕಣವ್ವಾ. ನಮ್ಮಣ್ಣನ ಬಾಯಲ್ಲಿ ಹೂಂ ಅನ್ನಿಸಕ್ಕೆ ಪ್ರತಿ ಸಲ ಸಾಯ್ಸ್ಬೇಕಾ?"

ರಮ್ಯಳಿಗೆ ವಾದ ಮಾಡುವಷ್ಟು ಅಕ್ಕರೆ ಇರಲಿಲ್ಲ. ಆದರೆ ಗಂಗಾಧರಯ್ಯನ ಹೆಂಡತಿ ಅಕ್ಕಯಮ್ಮನಿಗೆ ಆ ಮಾತು ಎದೆಗೆ ನಾಟಿತು. ಅಂದಿನಿಂದ ಗಂಡನ ಕಣ್ಣುಗುಡ್ಡೆ ಮೇಲಕ್ಕೆ ಹೋದರೆ ಸಾಕು, ಕೈಯಲ್ಲಿದ್ದ ಸೌಟು ಬಿಸಾಡಿ ಓಡಿಬಂದು, ತುಳಸಿ ತೀರ್ಥದಲ್ಲಿ ಹತ್ತಿ ಅದ್ದಿ ಅವನ ತುಟಿಗೆ ಒತ್ತುತ್ತಿದ್ದಳು. ದಿನಕ್ಕೆ ಹಲವು ಸಲ ಗಂಗಾಧರಯ್ಯ ಹೀಗೆ ಸತ್ತು ಬದುಕುತ್ತಿದ್ದ.

ಕಾಯಿಲೆ ಬಂದಾಗಿನಿಂದ ಅವನ ಬಲಗಣ್ಣು ತಾನಾಗಿ ಆಚೆಗೆ ಜಾರುತ್ತಿತ್ತು. ಸೋರುವ ನಲ್ಲಿಗೆ ಯಾರ ಅಪ್ಪಣೆ ಬೇಕು? ಹಾಗೆ ಜಾರುತ್ತಲೇ ಅವನು ತನ್ನ ರೂಮಿನ ಟೀವಿ ಮಗನ ರೂಮಿಗೆ ಹೋಗಲು ಒಪ್ಪಿದ. ಅಂಗಳದ ನುಗ್ಗೆಮರ ಕಡಿಯಲು ಒಪ್ಪಿದ. ತನ್ನ ಕಾರು ಮಾರಿ ಮಗ ಬೇರೆ ಕಾರು ತರಲು ಒಪ್ಪಿದ. ಬಾಡಿಗೆಗಳೆಲ್ಲ ನೇರ ಮಗನ ಫೋನಿಗೇ ಬರಲು ಒಪ್ಪಿದ. ಮಗ ದೀಪಕ್ ಬನಶಂಕರಿಯಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ. ಅಪ್ಪನ ಮಾತು ಮೀರದ ಮಗ ಎಂದು ಕೇರಿಯಲ್ಲೆಲ್ಲ ಹೆಸರು ಬಂತು.

ಕಾರ್ತಿಕದ ಒಂದು ಭಾನುವಾರ ಬೋಟಿ ಗೊಜ್ಜು, ಮುದ್ದೆ ಉಂಡು ಎದ್ದ ಮೇಲೆ ದೀಪಕ್ ಚಿಕ್ಕಪ್ಪನನ್ನು ಕರೆದುಕೊಂಡು ಅಪ್ಪನ ರೂಮಿಗೆ ಬಂದ. ಅಕ್ಕಯಮ್ಮ ಗಂಡನ ಹೊಟ್ಟೆಗೆ ಹಾಕಿದ್ದ ಕೊಳವೆಯಲ್ಲಿ ರಾಗಿ ಗಂಜಿ ಬಿಡುತ್ತಿದ್ದಳು. ಮಗಳು ದಿವ್ಯ ಸಿರಿಂಜ್ ಹಿಡಿದುಕೊಂಡಿದ್ದಳು.

"ಅಣ್ಣಾ," ಎಂದು ತಿಮ್ಮರಾಯಪ್ಪ ಗುಡಿಯ ರಾಗದಲ್ಲೇ ಶುರುಮಾಡಿದ. "ಹಿತ್ತಲ ಮನೆ ಕೆಡವಿ ನಿನ್ ಮಗ ಪೀಜಿ ಕಟ್ಟುಸ್ತೀನಿ ಅಂತವ್ನೆ. ನಾಕು ಅಂತಸ್ತು. ಸಂಕ್ರಾಂತಿ ಕಳೀತಿದ್ದಂಗೆ ಜೇಸೀಬಿ. ನಿನ್ಗೆ ಒಪ್ಗೆ ಇದ್ರೆ ಬಲಗಡೆ ಕೊಡು."

ಬಲಗಣ್ಣು ಬಲಕ್ಕೆ ಜಾರಿತು.

"ಕೊಟ್ಟ ನೋಡು."

ಹಿತ್ತಲ ಮನೆಯಲ್ಲಿ ಇದ್ದವಳು ದಿವ್ಯ. ಎರಡು ವರ್ಷದ ಹಿಂದೆ ಗಂಡನನ್ನು ಬಿಟ್ಟು ಸೂಟ್‌ಕೇಸ್ ಹಿಡಿದುಕೊಂಡು ಬಂದಾಗ ಅಪ್ಪ ಬಾಗಿಲಲ್ಲೇ ನಿಂತು ಮೇಲಿಂದ ಕೆಳಗೆ ನೋಡಿ "ಥೂ" ಎಂದು ಒಳಗೆ ಹೋಗಿದ್ದ. ಅವ್ವ ಹಿಂದಿನಿಂದ ಕರೆದುಕೊಂಡು ಹೋಗಿ, ಹಳೇ ಕೊಟ್ಟಿಗೆಗೆ ಎರಡು ಗೋಡೆ ಸೇರಿಸಿ ಮಾಡಿದ್ದ ಆ ಮನೆಯ ಬೀಗ ತೆಗೆದುಕೊಟ್ಟಿದ್ದಳು. ಆಮೇಲೆ ಅಪ್ಪ ಅವಳೊಂದಿಗೆ ಮಾತಾಡಲಿಲ್ಲ, ಹೊರಗೆ ಹಾಕಲೂ ಇಲ್ಲ. ಅವಳು ಬೆಳಗಿನ ಜಾವ ಸ್ಕೂಟರಿನಲ್ಲಿ ಜೆ.ಪಿ. ನಗರ, ಜಯನಗರದ ಮನೆಮನೆಗೆ ಹೋಗಿ ಲ್ಯಾಬಿಗೆ ರಕ್ತ ತೆಗೆದುಕೊಂಡು ಬರುವ ಕೆಲಸ ಹಿಡಿದಿದ್ದಳು. ಒಂಟಿ ಹೆಂಗಸಿಗೆ ಮನೆ ಕೊಡುವವರನ್ನು ಹುಡುಕಿ ಅವಳು ಒಮ್ಮೆ ಸೋತಾಗಿತ್ತು. ಈಗ ಇದೂ ಹೋದರೆ ವಾಪಸ್ಸು ಗಂಡನ ಮನೆಗೇ. ದೀಪಕ್ ಆಗಲೇ ಅವಳ ಗಂಡನಿಗೆ ಫೋನು ಮಾಡಿ "ಬಂದು ಕರ್ಕೊಂಡೋಗಿ" ಎಂದೂ ಹೇಳಿಯಾಗಿತ್ತು.

"ನಾನೊಂದ್ ಸಲ ಕೇಳ್ತೀನಿ," ಎಂದಳು ದಿವ್ಯ. "ಅಪ್ಪಾ, ಹಿತ್ತಲ ಮನೆ ಕೆಡವೋದು ಬೇಡ ಅಲ್ವಾ?"

ಕಣ್ಣು ಮತ್ತೆ ಬಲಕ್ಕೆ ಜಾರಿತು.

"ನೋಡಿ, ಇದಕ್ಕೂ ಬಲಗಡೆನೇ."

"ಒಂದೇ ವಿಷ್ಯ ಎರಡು ಸಲ ಕೇಳ್ಬಾರ್ದು ಕಣಮ್ಮ," ಎಂದ ತಿಮ್ಮರಾಯಪ್ಪ. "ಎರಡ್ನೇ ಸಲ ಬಿದ್ದ ಹೂವು ಲೆಕ್ಕಕ್ಕಿಲ್ಲ."

"ಯಾವ ಊರಿನ ಕಾನೂನು ಚಿಕ್ಕಪ್ಪಾ ಇದು?"

"ಮಾರಮ್ಮನ ಕಾನೂನು."

ಅಷ್ಟರಲ್ಲಿ ಗಂಗಾಧರಯ್ಯನ ಎರಡು ಕಣ್ಣೂ ಮೇಲಕ್ಕೆ ಹೋಗಿ ಅಲ್ಲೇ ನಿಂತವು. ಅಕ್ಕಯಮ್ಮ ಗಂಜಿಯ ಲೋಟ ಇಟ್ಟು ತೀರ್ಥಕ್ಕೆ ಓಡಿದಳು.

ಮುಂದಿನ ವಾರ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಅವ್ವನ ಪಕ್ಕ ದಿವ್ಯ ಬಂದು ಕೂತಳು. ರಕ್ತ ತೆಗೆಯಲು ಹೋದ ಒಂದು ಮನೆಯಲ್ಲಿ ಅವಳಿಗೆ ಸುದ್ದಿ ಸಿಕ್ಕಿತ್ತು. ಬನ್ನೇರುಘಟ್ಟ ರಸ್ತೆ ಕಡೆ ಒಂದು ಸಂಶೋಧನಾ ಕೇಂದ್ರ. ಮೈ ಬಿದ್ದುಹೋದವರ ತಲೆಗೆ ವೈರಿನ ಟೋಪಿ ಹಾಕಿ, ಮೆದುಳಲ್ಲಿ ಅಂದುಕೊಂಡದ್ದನ್ನು ಕಂಪ್ಯೂಟರು ಹಿಡಿದು ಅಕ್ಷರ ಬರೆಯುತ್ತದೆ. ಪ್ರಯೋಗಕ್ಕೆ ಜನ ಬೇಕು.

"ತಲೆ ಕುಯ್ತಾರೇನೇ?"

"ಇಲ್ಲಮ್ಮ. ಬರೀ ಟೋಪಿ. ಒಳಗೇ ಕೂರ್ಸೋದೂ ಇದ್ಯಂತೆ, ಇಲ್ಲಿ ಅದಲ್ಲ."

"ಅವರ ತಲೇಲಿರೋದು ಹೊರಗೆ ಬಂದು ಯಾರಿಗೇನಾಗ್ಬೇಕು?" ಎಂದು ಅಕ್ಕಯಮ್ಮ ಕಾಳು ಹಿಚುಕಿದಳು. "ನಲ್ವತ್ತು ವರ್ಷ ಕೇಳಿದೀನಿ ನಾನು."

ದೀಪಕ್‌ಗೆ ವಿಷಯ ಹೋದಾಗ ಅವನು ಜೋರಾಗಿ ನಕ್ಕ. ಊಟಕ್ಕೆ ಕೂತಿದ್ದವನು ಹಿತಕವರೆ ಸಾರು ಸುರಿದುಕೊಳ್ಳುತ್ತಾ ಹೇಳಿದ. "ಹೋಗಿ ಕೇಳ್ಕೊಂಡ್ ಬಾ. ಅಪ್ಪ ಬಾಯಿ ಬಿಟ್ರೆ ಮೊದ್ಲು ನಿನ್ನೇ ಆಚೆ ಹಾಕೋದು. ನೆನಪಿಲ್ವಾ ಬಾಗಿಲಲ್ಲಿ ಏನಂದ ಅಂತ?"

"ನೆನಪಿದೆ."

"ಮತ್ತೆ?"

"ಆಚೆ ಹಾಕೋದಾದ್ರೆ ಅವ್ನೇ ಹಾಕ್ಲಿ. ಅವನ ಸೊಟ್ಟಗಣ್ಣು ಹಾಕೋದು ಬೇಡ."

"ಆಯ್ತು ಹೋಗು. ಸಂಕ್ರಾಂತಿವರೆಗೂ ಟೈಮಿದೆ. ಅಲ್ಲೂ ಅದನ್ನೇ ಹೇಳಿದ್ರೆ ಆಮೇಲೆ ಬಾಯ್ ಮುಚ್ಕೊಂಡು ಗಂಟುಮೂಟೆ ಕಟ್ಬೇಕು."

ದಿವ್ಯ ಒಪ್ಪಿದಳು. ಅಣ್ಣನ ಮಾತು ಸುಳ್ಳಲ್ಲ ಎಂದು ಅವಳಿಗೂ ಗೊತ್ತಿತ್ತು.

ವಾರಕ್ಕೆರಡು ಸಲ ಅಪ್ಪನನ್ನು ಕರೆದೊಯ್ಯಲು ವ್ಯಾನು ಬರತೊಡಗಿತು. ಕೇಂದ್ರದಲ್ಲಿದ್ದ ಶಿವಕಿರಣ್ ಎಂಬ ಇಂಜಿನಿಯರ್ ತಾಳ್ಮೆಯ ಮನುಷ್ಯ. ಗಂಗಾಧರಯ್ಯನ ತಲೆಗೆ ಟೋಪಿ ತೊಡಿಸಿ, ಅದರ ತೂತುಗಳಲ್ಲಿ ಗೋಂದಿನಂಥ ಜೆಲ್ ತುಂಬಿ, ಎದುರಿಗೆ ಪರದೆ ಇಡುತ್ತಿದ್ದ. ಪರದೆಯ ಮೇಲೆ ಕನ್ನಡದ ಅಕ್ಷರಗಳು ಸಾಲುಸಾಲಾಗಿ ಹೊತ್ತಿ ಆರುತ್ತಿದ್ದವು. ಬೇಕಾದ ಅಕ್ಷರ ಹೊತ್ತಿದಾಗ ಬಲಗೈ ಮುಷ್ಟಿ ಕಟ್ಟಿದ ಹಾಗೆ ಅಂದುಕೊಳ್ಳಬೇಕು, ಕೈ ಆಡದಿದ್ದರೂ ಅಂದುಕೊಂಡದ್ದು ಯಂತ್ರಕ್ಕೆ ಗೊತ್ತಾಗುತ್ತದೆ ಎಂದು ಹೇಳಿಕೊಟ್ಟ.

ಏನೂ ಗೊತ್ತಾಗಲಿಲ್ಲ. ಮೂರು ವಾರ ಪರದೆಯ ಮೂಲೆಯಲ್ಲಿ ಸಂಕೇತ ತೋರಿಸುವ ಹಸಿರು ಪಟ್ಟಿ ಮಲಗಿಯೇ ಇತ್ತು. ಮನೆಗೆ ಬಂದ ಮೇಲೆ ಕೂದಲಲ್ಲಿ ಗಟ್ಟಿಯಾದ ಜೆಲ್ ತೊಳೆಯಲು ಅಕ್ಕಯಮ್ಮ ಬಿಸಿನೀರು, ಸೀಗೆಪುಡಿ ಹಿಡಿದು ಮುಕ್ಕಾಲು ಗಂಟೆ ಒದ್ದಾಡುತ್ತಿದ್ದಳು. ಹಾಸಿಗೆಯೆಲ್ಲ ಒದ್ದೆ.

"ಟವೆಲ್ಲೆಲ್ಲ ಗಬ್ಬೆದ್ದೋಯ್ತು," ಎಂದು ರಮ್ಯ ಮೂಗು ಮುಚ್ಚಿಕೊಂಡಳು. "ಮಾವಂಗೆ ಇದೆಲ್ಲ ಹಿಂಸೆ ಅಲ್ವಾ ಅತ್ತೆ? ಅವರನ್ನೇ ಕೇಳಿ, ಬೇಕಾ ಬೇಡ್ವಾ ಅಂತ."

"ಕೇಳಿದ್ರೆ ಬಲಕ್ಕೋಗತ್ತೆ," ಎಂದಳು ಅಕ್ಕಯಮ್ಮ. ಆ ವಿಷಯ ಅವಳಿಗೂ ಅಷ್ಟು ಹೊತ್ತಿಗೆ ಅರ್ಥವಾಗತೊಡಗಿತ್ತು.

ನಾಲ್ಕನೆಯ ವಾರ ಶಿವಕಿರಣ್ ಕೈಚೆಲ್ಲುವ ಹಾಗಾದ. "ಎಲ್ಲರಿಗೂ ಆಗಲ್ಲಮ್ಮ. ಮುಷ್ಟಿ ಕಟ್ಟೋದನ್ನ ಕೆಲವರ ಮೆದುಳು ಮರೆತುಬಿಟ್ಟಿರತ್ತೆ. ತುಂಬಾ ಅಭ್ಯಾಸ ಇರೋ ಕೈ ಕೆಲಸ ಯಾವ್ದಾದ್ರೂ ಇದ್ಯಾ ಇವರಿಗೆ? ವ್ಯವಸಾಯ ಮಾಡ್ತಿದ್ರಾ?"

"ಗುದ್ಲಿ ಹಿಡಿದು ಮೂವತ್ತು ವರ್ಷ ಆಯ್ತು ಸಾರ್. ಬಾಡಿಗೆ ಬರಕ್ಕೆ ಶುರುವಾದ್ಮೇಲೆ ಏನು ಕೆಲಸ?" ಅಕ್ಕಯಮ್ಮ ಸೆರಗು ಸರಿಮಾಡಿಕೊಂಡು, ಹೇಳಲೋ ಬೇಡವೋ ಎಂದು ಒಂದು ಗಳಿಗೆ ನೋಡಿದಳು. ಆಮೇಲೆ ಹೇಳಿಯೇಬಿಟ್ಟಳು. "ಕಪಾಳಕ್ಕೆ ಬಾರ್ಸಿದಂಗೆ ಅಂದ್ಕೊಳ್ಳಿ ಅನ್ನಿ. ಅದು ಚೆನ್ನಾಗಿ ಅಭ್ಯಾಸ ಇದೆ."

ಶಿವಕಿರಣ್ ತಬ್ಬಿಬ್ಬಾದ. ದಿವ್ಯ ನೆಲ ನೋಡಿದಳು. ಯಂತ್ರ ನೋಡಲೆಂದು ಅಂದು ಜೊತೆಗೆ ಬಂದಿದ್ದ ದೀಪಕ್‌ನ ಕೈ ತಾನಾಗಿ ಕೆನ್ನೆ ಸವರಿತು.

"ಹೇಳಿ ನೋಡಿ ಸಾರ್," ಎಂದಳು ಅಕ್ಕಯಮ್ಮ.

ಶಿವಕಿರಣ್ ಗಂಟಲು ಸರಿಮಾಡಿಕೊಂಡು ಹೇಳಿದ. ಹಸಿರು ಪಟ್ಟಿ ಒಮ್ಮೆಗೇ ಮೇಲಕ್ಕೆ ಚಿಮ್ಮಿತು. ಇನ್ನೊಮ್ಮೆ ಹೇಳಿದ. ಇನ್ನೊಮ್ಮೆ ಚಿಮ್ಮಿತು. ಅಷ್ಟು ಸ್ಪಷ್ಟವಾದ ಸಂಕೇತ ಆ ಕೇಂದ್ರದಲ್ಲಿ ಯಾರಿಂದಲೂ ಬಂದಿರಲಿಲ್ಲ ಎಂದು ಅವನು ಕುರ್ಚಿಯಲ್ಲೇ ಅರ್ಧ ಎದ್ದ. ದೊಡ್ಡ ದೊಡ್ಡ ಪದವಿ ಪಡೆದವರು ಟೋಪಿ, ತಂತಿ, ಗಣಿತ ಎಲ್ಲ ಜೋಡಿಸಿ ಹುಡುಕುತ್ತಿದ್ದ ಜಾಗವನ್ನು ಅಕ್ಕಯಮ್ಮನ ಕೆನ್ನೆ ಎಂದೋ ಕಂಡುಕೊಂಡಿತ್ತು.

ಹಾಗೆ ಒಂದೊಂದು ಅಕ್ಷರಕ್ಕೆ ಒಂದೊಂದು ಕಪಾಳದ ಲೆಕ್ಕದಲ್ಲಿ ಅವನ ಬರವಣಿಗೆ ಶುರುವಾಯಿತು. ಪರದೆಯ ಮೇಲೆ ಮೊದಲು ಥ ಬಂತು. ಆಮೇಲೆ ಅದಕ್ಕೆ ಕೊಂಬು ಸೇರಿತು, ಕೊಂಬಿಗೆ ದೀರ್ಘ.

"ಥೂ," ಎಂದು ಓದಿದ ಶಿವಕಿರಣ್ ತಲೆ ಕೆರೆದುಕೊಂಡ. "ಇದು ತಪ್ಪಾಗಿ ಬಂದಿರ್ಬೇಕು. ಅಳ್ಸಿ ಮತ್ತೆ ಶುರು ಮಾಡೋಣ."

"ಅಳಿಸ್ಬೇಡಿ ಸಾರ್," ಎಂದಳು ಅಕ್ಕಯಮ್ಮ. "ಸರಿಯಾಗೇ ಬಂದಿದೆ. ಇವರೇ."

ಸುದ್ದಿ ಊರಿಗೆ ಹಬ್ಬಿತು. ಪುಟ್ಟೇನಹಳ್ಳಿಯ ಹಳೇ ಮನೆಗಳವರು ಗಂಗಾಧರಯ್ಯನನ್ನು ನೋಡುವ ನೆಪದಲ್ಲಿ ಬಂದು, ಕಾಫಿ ಕುಡಿದು, ತಮ್ಮ ತಮ್ಮ ಪಾಲಿನ ಜಗಳದ ಬಗ್ಗೆ ಅವನ ಟೋಪಿಯನ್ನು ಒಂದು ಮಾತು ಕೇಳಬಹುದೇ ಎಂದು ವಿಚಾರಿಸತೊಡಗಿದರು. ಅವನು ಗಟ್ಟಿಯಾಗಿದ್ದಾಗ ಅವರಲ್ಲಿ ಒಬ್ಬನೂ ಅವನ ಸಲಹೆ ಕೇಳಿದವನಲ್ಲ. ತಿಮ್ಮರಾಯಪ್ಪನಿಗೆ ತನ್ನ ಗುಡಿಯ ವ್ಯಾಪಾರ ಕೈತಪ್ಪುತ್ತದೆಂದು ಕಸಿವಿಸಿಯಾಗಿ, ಧನುರ್ಮಾಸದ ಒಂದು ಬೆಳಿಗ್ಗೆ ತೆಂಗಿನಕಾಯಿ, ಕರ್ಪೂರ ಹಿಡಿದು ವ್ಯಾನು ಹತ್ತಿದ. ಕಂಪ್ಯೂಟರಿನ ಮುಂದೆ ಕರ್ಪೂರ ಹಚ್ಚಬಾರದು ಎಂದು ಕಾವಲಿನವನು ಬಾಗಿಲಲ್ಲೇ ಕಿತ್ತುಕೊಂಡ. ಕಾಯಿ ಮಾತ್ರ ತಿಮ್ಮರಾಯಪ್ಪನ ತೊಡೆಯ ಮೇಲೆ ಉಳಿಯಿತು.

ಅಂದು ದೀಪಕ್, ರಮ್ಯ ಕೂಡ ಬಂದಿದ್ದರು. ಜೇಸೀಬಿಯವನಿಗೆ ಮುಂಗಡ ಕೊಟ್ಟಾಗಿತ್ತು. ಇಂದೇ ಕೇಳಿ ಮುಗಿಸಿಬಿಡಬೇಕು ಎಂಬುದು ದೀಪಕ್‌ನ ಅವಸರ.

ಟೋಪಿ ತೊಡಿಸುತ್ತಾ ಶಿವಕಿರಣ್ ಸುಮ್ಮನೆ ಕೇಳಿದ. "ಮನೇಲಿ ಹೌದು ಇಲ್ಲ ಹೇಗೆ ಕೇಳ್ತೀರಾ?"

ತಿಮ್ಮರಾಯಪ್ಪ ಎದೆ ಸೆಟೆಸಿ ಬಲ ಎಡದ ಶಾಸ್ತ್ರ ವಿವರಿಸಿದ.

"ಆದ್ರೆ ಸಾರ್, ಇವರಿಗೆ ಕಣ್ಣು ಪಕ್ಕಕ್ಕೆ ಆಡಲ್ಲ. ಬಲಗಣ್ಣು ಹೋಗೋದು ಇವರ ಕೈಲಿಲ್ಲ. ಮೇಲೆ ಕೆಳಗೆ ಮಾತ್ರ ಇವರು ಬೇಕು ಅಂತ ಆಡಿಸೋದು. ಡಿಸ್ಚಾರ್ಜ್ ಮಾಡೋವಾಗ ಡಾಕ್ಟರು ಹೇಳಿರ್ತಾರಲ್ಲ?"

ರಮ್ಯ ಫೋನು ತೆಗೆದು ಬೆರಳಾಡಿಸಿದಳು.

"ಅತ್ತಿಗೆ, ನಿಮಗೆ ಗೊತ್ತಿತ್ತಾ?" ಎಂದಳು ದಿವ್ಯ.

"ನಾನು ಅವತ್ತೇ ಹೇಳ್ದೆ. ಇವರು ಯಾರೂ ಕೇಳ್ಲಿಲ್ಲ."

"ಟೀವಿ ಎತ್ಕೊಂಡೋಗೋವಾಗ ಇನ್ನೊಂದ್ ಸಲ ಹೇಳ್ಬಹುದಿತ್ತಲ್ಲ?"

ಅಕ್ಕಯಮ್ಮ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಹೌದು ಹೌದು ಎಂದು ಗಂಡ ಹೇಳಿದಾಗಲೆಲ್ಲ ತಾನು ಅವನ ತುಟಿಗೆ ಸಾವಿನ ತೀರ್ಥ ಬಿಟ್ಟದ್ದು ಅವಳ ಕಣ್ಣ ಮುಂದೆ ಬಂದಿರಬೇಕು. ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ.

"ಅದೆಲ್ಲ ಇರ್ಲಿ," ಎಂದು ದೀಪಕ್ ಮುಂದೆ ಬಾಗಿದ. "ಅಪ್ಪಾ, ಹಿತ್ತಲ ಮನೆ ಕೆಡವಕ್ಕೆ ನೀನು ಒಪ್ಪಿದೀಯ ಅಲ್ವಾ? ಎಲ್ರ ಮುಂದೆ ಹೇಳ್ಬಿಡು."

ಅಕ್ಷರಗಳು ಹೊತ್ತಿ ಆರಿದವು. ಪಟ್ಟಿ ಚಿಮ್ಮಿತು. ನಿಧಾನವಾಗಿ ಪರದೆಯ ಮೇಲೆ ಬಂತು: ಯಾವಾಗ.

"ಕಾರ್ತಿಕದಲ್ಲಿ ಅಣ್ಣಾ," ಎಂದು ತಿಮ್ಮರಾಯಪ್ಪ ಕಾಯಿ ಹಿಡಿದೇ ಎದ್ದ. "ಬೋಟಿ ಗೊಜ್ಜು ಉಂಡ ದಿನ. ನಾನೇ ಕೇಳಿದ್ದು. ಬಲಗಡೆ ಕೊಟ್ಟೆ ನೀನು."

ಪಟ್ಟಿ ಮೊದಲಿಗಿಂತ ಜೋರಾಗಿ ಚಿಮ್ಮಿತು. ಯಾರ ಕಪಾಳ ಎಂದು ಹೇಳಬೇಕಾಗಿರಲಿಲ್ಲ. ಕುರುಡ, ಎಂದು ಬಂತು. ಸ್ವಲ್ಪ ಹೊತ್ತಿನ ಮೇಲೆ ಕೆಳಗೆ ಇನ್ನೊಂದು ಪದ ಬಂತು. ಕೆಡವಬೇಡ.

ದೀಪಕ್ ಬಿಳಿಚಿಕೊಂಡ. ಆದರೆ ವ್ಯಾಪಾರಿಯ ಹಾಗೆ ಮಗ್ಗುಲು ಬದಲಿಸುವುದು ಅವನಿಗೆ ಗೊತ್ತಿತ್ತು. "ಆಯ್ತು, ಕೆಡವಲ್ಲ. ಪೇಂಟ್ ಹೊಡ್ಸಿ ಒಳ್ಳೇ ಬಾಡಿಗೆಗೆ ಹಾಕೋಣ. ಇವಳಂತೂ ಗಂಡನ ಮನೆಗೆ ಹೋಗ್ಲಿ. ಇವಳನ್ನ ಕಂಡ್ರೆ ನಿನಗೆ ಆಗಲ್ವಲ್ಲ?"

ದಿವ್ಯ ಅಣ್ಣನನ್ನು ಸರಿಸಿ ಪರದೆಯ ಪಕ್ಕ ಬಂದು ನಿಂತಳು. "ಅಪ್ಪಾ, ನಾನೇ ಕೇಳ್ತೀನಿ. ನಾನು ಅಲ್ಲಿರ್ಲಾ, ಹೋಗ್ಲಾ?"

ಬಹಳ ಹೊತ್ತು ಏನೂ ಬರಲಿಲ್ಲ. ಸಾಲುಗಳು ಹೊತ್ತಿದವು, ಆರಿದವು. ಸುಸ್ತಾಗಿರಬೇಕು, ನಿಲ್ಲಿಸೋಣವೇ ಎಂದು ಶಿವಕಿರಣ್ ಕೇಳಿದ. ದಿವ್ಯ ಬೇಡವೆಂದು ಕೈ ಅಡ್ಡ ಹಿಡಿದಳು. ಆಗ ಪಟ್ಟಿ ಎದ್ದಿತು. ನೀನು, ಎಂದು ಬಂತು. ಎರಡು ವರ್ಷದ ಮೇಲೆ ಅಪ್ಪ ಅವಳಿಗೆ ಆಡಿದ ಮೊದಲ ಮಾತು ಅದು.

ಆಮೇಲೆ ಒಂದೊಂದಾಗಿ ಉಳಿದ ಅಕ್ಷರಗಳು ಬಂದವು. ನೀನು ಬಾಡಿಗೆ ಕೊಡು.

"ಸ್ವಂತ ಮಗಳ ಹತ್ರ ಬಾಡಿಗೆನಾ?" ದೀಪಕ್‌ಗೆ ನಿಜವಾಗಿಯೂ ಅಸಹ್ಯವಾಯಿತು. "ನಾಚ್ಕೆ ಆಗಲ್ವಾ ಅಪ್ಪಾ? ಜನ ಏನಂತಾರೆ?"

ದಿವ್ಯ ನಗುತ್ತಿದ್ದಳು. ಕಣ್ಣಲ್ಲಿ ನೀರಿತ್ತು, ನಗುತ್ತಲೂ ಇದ್ದಳು. ಆ ಮನೆಯ ಧರ್ಮ ಅವಳಿಗೆ ಗೊತ್ತಿತ್ತು. ಗಂಗಾಧರಯ್ಯ ಹೆಂಡತಿಯನ್ನು ಹೊಡೆದಿದ್ದ, ಮಗನನ್ನು ಹೊಡೆದಿದ್ದ, ಮಗಳಿಗೆ ಉಗಿದಿದ್ದ. ಬಾಡಿಗೆ ಸರಿಯಾಗಿ ಕೊಡುವವರಿಗೆ ಮಾತ್ರ ಎಂದೂ ಒಂದು ಮಾತು ಅಂದವನಲ್ಲ, ಒಬ್ಬರನ್ನೂ ಬಿಡಿಸಿದವನಲ್ಲ. ಅವನ ಕೈಯಲ್ಲಿ ಕೊಡುವುದಕ್ಕಿದ್ದ ಮರ್ಯಾದೆ ಅದೊಂದೇ.

"ಕೊಡ್ತೀನಿ," ಎಂದಳು.

ಸಂಕ್ರಾಂತಿ ಬಂತು, ಎಳ್ಳು ಬೆಲ್ಲ ಹಂಚಿ ಆಯಿತು. ಜೇಸೀಬಿ ಬರಲಿಲ್ಲ. ಮುಂಗಡ ವಾಪಸ್ಸು ಬರಲಿಲ್ಲವೆಂದು ದೀಪಕ್ ಮನೆಯಲ್ಲಿ ತಟ್ಟೆ ಕುಕ್ಕಿ ಉಂಡ. ದಿವ್ಯಳ ಗಂಡ ಅವಳನ್ನು ಕರೆದುಕೊಂಡು ಹೋಗಲು ಕಾರಿನಲ್ಲಿ ಬಂದವನು, ಹಿತ್ತಲ ಮನೆಯವಳು ಈಗ ಬಾಡಿಗೆಯವಳೆಂದು ಕೇಳಿ ಅತ್ತೆ ಕೊಟ್ಟ ಎಳ್ಳು ಹಿಡಿದುಕೊಂಡು ಹಿಂದಿರುಗಿದ. ಟೀವಿ ಗಂಗಾಧರಯ್ಯನ ರೂಮಿಗೆ ವಾಪಸ್ಸು ಬಂತು. ಮಂಚದ ತಲೆಯ ಕಡೆ ಗೋಡೆಗೆ ದಿವ್ಯ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದಳು: ಮೇಲೆ ಹೌದು, ಕೆಳಗೆ ಇಲ್ಲ. ತಿಮ್ಮರಾಯಪ್ಪ ಅದನ್ನು ಓದಿ, ಅಣ್ಣನಿಗೆ ಕೈಮುಗಿದು, ಬಾಗಿಲಿಂದಲೇ ಹೋದ.

ಮುಂದಿನ ತಿಂಗಳ ಮೊದಲ ದಿನ ದಿವ್ಯ ಕೆಲಸದಿಂದ ನೇರ ಬಂದು, ಬಾಡಿಗೆಯವರು ನಿಲ್ಲುವ ಹಾಗೆ ಹೊಸ್ತಿಲಾಚೆ ನಿಂತು "ಬರ್ಲಾ?" ಎಂದಳು. ಮಂಚದ ಹತ್ತಿರ ಬಂದು ಅಪ್ಪನ ಬಲಗೈ ಬಿಡಿಸಿ, ಅಂಗೈ ಮೇಲೆ ನೋಟುಗಳನ್ನಿಟ್ಟು ಬೆರಳು ಮಡಚಿದಳು. ಬೆರಳು ನಿಲ್ಲಲಿಲ್ಲ, ಬಿಚ್ಚಿಕೊಂಡವು.

"ಕೊಡಮ್ಮ, ನಾನ್ ಇಟ್ಕೋತೀನಿ," ಎಂದು ದೀಪಕ್ ಕೈ ಚಾಚಿದ.

ಗಂಗಾಧರಯ್ಯನ ಕಣ್ಣು ಕೆಳಗಿಳಿಯಿತು. ದೀಪಕ್ ಕೈ ಹಿಂದೆ ತೆಗೆಯುವವರೆಗೂ ಕೆಳಗೇ ಇತ್ತು.

"ಅಮ್ಮಂಗೆ ಕೊಡ್ಲಾ ಅಪ್ಪಾ?"

ಕಣ್ಣು ಮೇಲಕ್ಕೆ ಹೋಯಿತು. ಬಾಗಿಲಲ್ಲಿದ್ದ ಅಕ್ಕಯಮ್ಮನ ಕೈ ಅಭ್ಯಾಸಬಲದಿಂದ ತೀರ್ಥದ ಬಟ್ಟಲಿಗೆ ಹೋಗಿ, ಅರ್ಧದಲ್ಲೇ ನಿಂತಿತು. ನಲವತ್ತು ವರ್ಷದಲ್ಲಿ ಒಂದು ತಿಂಗಳ ಬಾಡಿಗೆಯೂ ಅವಳ ಕೈಗೆ ಬಂದಿರಲಿಲ್ಲ. ಸೊಪ್ಪಿನವಳಿಗೆ ಕೊಡಲು ಚಿಲ್ಲರೆ ಬೇಕಾದರೂ ಈ ಮನುಷ್ಯನ ಮುಂದೆ ನಿಂತು ಕೇಳಬೇಕಿತ್ತು. ಅವಳು ಹತ್ತಿರ ಬಂದು ಆ ಅಂಗೈಯಿಂದ ದುಡ್ಡು ಎತ್ತಿಕೊಂಡಳು. ಆ ಕೈಯ ಗುರುತು ಅವಳ ಕೆನ್ನೆಗೆ ಚೆನ್ನಾಗಿತ್ತು. ಅದರಿಂದ ಕೇಳದೆ ಏನಾದರೂ ಸಿಕ್ಕಿದ್ದು ಇದೇ ಮೊದಲು.

ನೋಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಗಂಡನ ಮುಖವನ್ನೇ ನೋಡಿದಳು.

"ಇಷ್ಟು ಮಾಡಕ್ಕೆ ನಿಮ್ಮ ಕೈಯೂ ನಾಲ್ಗೆಯೂ ಎರಡೂ ಬೀಳ್ಬೇಕಾಗಿತ್ತಾ? ಥೂ," ಎಂದಳು.

ಗಂಗಾಧರಯ್ಯನ ಕಣ್ಣು ಮೇಲಕ್ಕೆ ಹೋಯಿತು.